ಸಭೆಯಲ್ಲಿ ಮಾತನಾಡುವ ಅಭ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಣ ಕಲಿಯಬೇಕೆಂದು ಬಂದವರು, ಪತ್ರ ಬರೆದವರು, ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ವಿಚಾರಿಸಿದವರು, ಎಲ್ಲರ ಪ್ರಶ್ನೆಗಳೂ ಸುತ್ತಿ ಸುತ್ತಿ ಒಂದೆಡೆಗೇ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟುಕೊಂಡು ಉತ್ತರಿಸಿದ್ದೇನೆ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇಲ್ಲಿ ‘ಅಭ್ಯಾಸ’ ಎಂದಲ್ಲೆಲ್ಲ ಬಾಯಿ ತೆರೆದು, ದನಿ ಹೊರಡಿಸಿ ಮಾಡುವ ಅಭ್ಯಾಸ ಎಂದೇ ಓದಿಕೊಳ್ಳಿ. ಮನಸ್ಸಿನಲ್ಲೇ ಮಾಡಿಕೊಂಡ ಭಾಷಣದಲ್ಲಿ ಯಾರೂ ತೊದಲುವುದಿಲ್ಲ. ಅದು ಉಪಯೋಗಕ್ಕೆ ಬಾರದಿರುವುದೂ ಅದಕ್ಕಾಗಿಯೇ.

## ಈಗಷ್ಟೇ ಶುರು ಮಾಡುವವರಿಗೆ

ನನಗೆ ಹುಟ್ಟಿನಿಂದಲೇ ಮಾತು ಬರುವುದಿಲ್ಲ. ಅಭ್ಯಾಸ ಮಾಡಿದರೆ ನಿಜವಾಗಿಯೂ ಬದಲಾಗುತ್ತದೆಯೇ?

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಬಂದ ಗಾಂಧಿ ಬೊಂಬಾಯಿಯ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತರು. ಎದುರು ಪಕ್ಷದ ಸಾಕ್ಷಿಗಳಿಗೆ ಪಾಟೀಸವಾಲು ಹಾಕಬೇಕಿತ್ತು. ಎದೆ ಕುಸಿಯಿತು, ತಲೆ ಸುತ್ತಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಮೊಕದ್ದಮೆಯನ್ನು ಬೇರೆ ವಕೀಲರಿಗೆ ಒಪ್ಪಿಸುವಂತೆ ಹೇಳಿ ಹೊರಬಂದರು. ಅದೇ ಗಾಂಧಿ 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದ ಭಾರತೀಯ ವ್ಯಾಪಾರಿಗಳ ಸಭೆಯಲ್ಲಿ ಮಾತನಾಡಿದರು. ವ್ಯಾಪಾರದಲ್ಲಿ ಸತ್ಯ ಎಂಬ ವಿಷಯವನ್ನು ತಯಾರಿ ಮಾಡಿಕೊಂಡೇ ಹೋಗಿದ್ದರು. ಅದನ್ನೇ ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದು ಅವರು ಹೇಳಿಕೊಂಡಿದ್ದಾರೆ.

ಅವರು ಮುಂದೆಯೂ ಗುಡುಗುವ ಭಾಷಣಕಾರರಾಗಲಿಲ್ಲ ಎಂಬುದನ್ನು ಗಮನಿಸಿ. ಕೊನೆಯವರೆಗೂ ತಣ್ಣಗೆ, ಮೆಲ್ಲಗೆ ಮಾತನಾಡಿದರು. ಜನ ಮೈಯೆಲ್ಲ ಕಿವಿಯಾಗಿ ಕೇಳಿದರು. ಅಭ್ಯಾಸದಿಂದ ನೀವು ಬೇರೆ ಮನುಷ್ಯರಾಗುವುದಿಲ್ಲ. ಸಂಕೋಚದ ಸ್ವಭಾವದವರು ಸಂಕೋಚದವರಾಗಿಯೇ ಇದ್ದು ಚೆನ್ನಾಗಿ ಮಾತನಾಡಬಹುದು. ‘ಹಾಡುತ್ತ ಹಾಡುತ್ತ ರಾಗ’ ಎಂದು ಹಿರಿಯರು ಹೇಳಿದ್ದು ಕಂಠ ಚೆನ್ನಾಗಿದ್ದವರಿಗಾಗಿ ಮಾತ್ರ ಅಲ್ಲ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು? ನನಗೆ ರಜೆಯ ದಿನ ಮಾತ್ರ ಪುರುಸೊತ್ತು.

ರಜೆಯ ದಿನ ಎರಡು ಗಂಟೆ ಕೂರುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಮೇಲು. ಕಲಿತದ್ದು ಹೇಗೆ ಮರೆಯುತ್ತದೆ ಎಂಬುದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಇದನ್ನು ದಾಖಲಿಸಿದ್ದಾನೆ: ಒಂದೇ ಸಲ ಗುಡ್ಡೆ ಹಾಕಿದ ಪುನರಾವರ್ತನೆಗಿಂತ ದಿನಗಳ ಮೇಲೆ ಹಂಚಿದ ಪುನರಾವರ್ತನೆ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಅವನು ಪ್ರಯೋಗಿಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡುವುದರ ಮೇಲೆ. ಆದರೆ ವಾರಕ್ಕೊಮ್ಮೆ ಮಾತ್ರ ಬಾಯಿ ತೆರೆಯುವವರು ಪ್ರತಿ ವಾರವೂ ಮೊದಲಿನಿಂದ ಶುರು ಮಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹತ್ತು ನಿಮಿಷವನ್ನು ನಾನು ಹೀಗೆ ಕಳೆಯುತ್ತೇನೆ. ಎರಡು ನಿಮಿಷ ಯಾವುದಾದರೂ ಬರಹವನ್ನು ಗಟ್ಟಿಯಾಗಿ ಓದುವುದು. ನಂತರ ಒಂದು ವಿಷಯ ಹಿಡಿದು ಎರಡು ನಿಮಿಷ ಮಾತನಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು. ಅದನ್ನು ಕೇಳಿ, ತಿದ್ದಬೇಕಾದ ಒಂದೇ ಒಂದು ಅಂಶ ಗುರುತಿಸುವುದು. ಉಳಿದ ಹೊತ್ತಿನಲ್ಲಿ ಅದೇ ವಿಷಯವನ್ನು ಮತ್ತೊಮ್ಮೆ ಹೇಳುವುದು. ಈ ಎರಡನೆಯ ಸಲವೇ ನಿಜವಾದ ಅಭ್ಯಾಸ. ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ.

ಒಬ್ಬನೇ ಕೋಣೆಯಲ್ಲಿ ಕುಳಿತು ಏನೆಂದು ಮಾತನಾಡಲಿ? ಹುಚ್ಚನ ಹಾಗೆ ಅನ್ನಿಸುತ್ತದೆ.

ಮೊದಲ ಮೂರು ನಾಲ್ಕು ದಿನ ಹಾಗೆಯೇ ಅನ್ನಿಸುತ್ತದೆ, ನಿಜ. ಆಮೇಲೆ ಹೋಗುತ್ತದೆ. ಕುಳಿತುಕೊಳ್ಳಬೇಡಿ, ನಿಂತುಕೊಳ್ಳಿ. ಉಸಿರಿಗೆ ಜಾಗ ಸಿಗುತ್ತದೆ.

ವಿಷಯಕ್ಕಾಗಿ ದೊಡ್ಡದನ್ನು ಹುಡುಕಬೇಡಿ. ‘ಪ್ರಜಾಪ್ರಭುತ್ವ’ ಎಂದು ಶುರು ಮಾಡಿದರೆ ಮೂರನೆಯ ವಾಕ್ಯಕ್ಕೆ ನಿಲ್ಲುತ್ತೀರಿ. ಇಂದು ಬೆಳಿಗ್ಗೆ ಬಸ್ಸಿನಲ್ಲಿ ಕಂಡದ್ದು, ನಿಮ್ಮ ಕೆಲಸವನ್ನು ಹತ್ತು ವರ್ಷದ ಮಗುವಿಗೆ ವಿವರಿಸುವುದು, ಪಂಕ್ಚರ್ ಹಾಕುವ ಬಗೆ, ನೀವು ಇತ್ತೀಚೆಗೆ ಬದಲಿಸಿಕೊಂಡ ಒಂದು ಅಭಿಪ್ರಾಯ, ಇಂಥವು ಸಾಕು. ಮೂವತ್ತು ಚೀಟಿಗಳಲ್ಲಿ ಮೂವತ್ತು ವಿಷಯ ಬರೆದು ಡಬ್ಬಿಯಲ್ಲಿ ಹಾಕಿಟ್ಟರೆ ಒಂದು ತಿಂಗಳ ಮಟ್ಟಿಗೆ ‘ಏನು ಮಾತನಾಡಲಿ’ ಎಂಬ ನೆಪ ತಪ್ಪುತ್ತದೆ.

ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ?

ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಮಾತನಾಡುತ್ತಲೇ ನಿಮ್ಮನ್ನು ನೀವು ನೋಡಿಕೊಂಡರೆ ಅರ್ಧ ಗಮನ ಹುಬ್ಬಿನ ಮೇಲೆ, ಇನ್ನರ್ಧ ಕೂದಲಿನ ಮೇಲೆ ಹೋಗುತ್ತದೆ. ವೇದಿಕೆಯಲ್ಲಿ ನೋಡಬೇಕಾದದ್ದು ಎದುರಿನವರ ಮುಖವನ್ನು, ನಿಮ್ಮದನ್ನಲ್ಲ. ಮಾತನಾಡಿ ಮುಗಿಸಿದ ಮೇಲೆ ವೀಡಿಯೊ ನೋಡುವುದು ವಾಸಿ.

ರೆಕಾರ್ಡ್ ಮಾಡಿದ ನನ್ನ ದನಿಯನ್ನು ಕೇಳಲು ನನಗೇ ಹಿಂಸೆ. ಅಷ್ಟು ಕೆಟ್ಟದಾಗಿದೆಯೇ?

ಇಲ್ಲ. ನಾವು ಮಾತನಾಡುವಾಗ ನಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಗೆ ತಲುಪುತ್ತದೆ. ಮೂಳೆಯ ದಾರಿಯಲ್ಲಿ ತಗ್ಗಿನ ಸ್ವರಗಳು ಹೆಚ್ಚಾಗಿ ಸಾಗುವುದರಿಂದ ನಮಗೆ ನಮ್ಮ ದನಿ ತುಂಬಿದಂತೆ ಕೇಳಿಸುತ್ತದೆ. ರೆಕಾರ್ಡಿಂಗಿನಲ್ಲಿ ಆ ಭಾಗ ಇರುವುದಿಲ್ಲ, ಹಾಗಾಗಿ ದನಿ ತೆಳುವಾಗಿ, ಯಾರದೋ ಎಂಬಂತೆ ಕೇಳುತ್ತದೆ. ಆದರೆ ಉಳಿದವರೆಲ್ಲ ಇಷ್ಟು ವರ್ಷ ಕೇಳುತ್ತ ಬಂದದ್ದು ಆ ‘ಯಾರದೋ’ ದನಿಯನ್ನೇ. ಅವರಿಗೆ ಅದರಲ್ಲಿ ವಿಚಿತ್ರವಾದದ್ದೇನೂ ಇಲ್ಲ. ಎರಡು ವಾರ ದಿನವೂ ಕೇಳಿ, ಅಷ್ಟರಲ್ಲಿ ಕಿವಿ ಹೊಂದಿಕೊಳ್ಳುತ್ತದೆ.

## ಸಭಾಕಂಪ

ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕಾಲು ನಡುಗುತ್ತದೆ. ಈ ಭಯ ಹೋಗುವುದು ಯಾವಾಗ?

ಪೂರ್ತಿಯಾಗಿ ಹೋಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಹತ್ತಾರು ವರ್ಷ ವೇದಿಕೆಯಲ್ಲಿದ್ದವರಿಗೂ ಮೈಕ್ ಹಿಡಿಯುವ ಮುಂಚಿನ ಕ್ಷಣ ಹೊಟ್ಟೆ ಹಿಂಡುತ್ತದೆ. ಬದಲಾಗುವುದು ಅದರ ಅವಧಿ. ಮೊದಮೊದಲು ವಾರವಿಡೀ ನಿದ್ದೆ ಕೆಡಿಸುವ ಭಯ ಕ್ರಮೇಣ ಆ ದಿನದ ಮಟ್ಟಿಗೆ ಇಳಿಯುತ್ತದೆ, ಆಮೇಲೆ ಮೊದಲ ಒಂದು ನಿಮಿಷದ ಮಟ್ಟಿಗೆ.

ದೇಹ ಮಾಡುತ್ತಿರುವುದು ಅದರ ಹಳೆಯ ಕೆಲಸವನ್ನೇ. ಅಪಾಯ ಕಂಡಾಗ ಅಡ್ರಿನಲಿನ್ ಸುರಿಸಿ, ಹೃದಯದ ಬಡಿತ ಏರಿಸಿ, ರಕ್ತವನ್ನು ಸ್ನಾಯುಗಳಿಗೆ ತಳ್ಳಿ, ಆ ಹೊತ್ತಿಗೆ ಬೇಡದ ಜೊಲ್ಲನ್ನು ನಿಲ್ಲಿಸುತ್ತದೆ. ಎದುರಿಗಿರುವುದು ಹುಲಿಯೋ ಕುರ್ಚಿಗಳಲ್ಲಿ ಕುಳಿತ ನಲವತ್ತು ಜನರೋ ಎಂಬ ಭೇದ ಅದಕ್ಕೆ ಗೊತ್ತಿಲ್ಲ. ನಲವತ್ತು ಜನರ ಮುಂದೆ ನಿಂತರೂ ಏನೂ ಆಗುವುದಿಲ್ಲ ಎಂಬುದನ್ನು ಅನುಭವದಿಂದಲೇ ಕಲಿಸಬೇಕು, ಉಪದೇಶಕ್ಕೆ ಅದು ಬಗ್ಗುವುದಿಲ್ಲ. ಅದಕ್ಕೇ ಮೆಟ್ಟಿಲುಗಳನ್ನು ಕಟ್ಟಿಕೊಳ್ಳಿ. ಈ ವಾರ ಒಂದು ಸಭೆಯಲ್ಲಿ ಒಂದು ಪ್ರಶ್ನೆ ಕೇಳುವುದು. ಮುಂದಿನ ವಾರ ಪರಿಚಯ ಹೇಳಿಕೊಳ್ಳುವಾಗ ಎರಡು ವಾಕ್ಯ ಹೆಚ್ಚು ಹೇಳುವುದು. ನಂತರ ಮೂವರು ಗೆಳೆಯರ ಮುಂದೆ ಮೂರು ನಿಮಿಷ. ಪ್ರತಿ ಮೆಟ್ಟಿಲಿನಲ್ಲೂ ಭಯ ಏರಿ ಇಳಿಯುವವರೆಗೆ ಅಲ್ಲೇ ನಿಲ್ಲಬೇಕು. ಭಯ ಏರಿದ ಕ್ಷಣವೇ ಓಡಿಬಂದರೆ ‘ಓಡಿದ್ದರಿಂದ ಬದುಕಿದೆ’ ಎಂಬ ಪಾಠವನ್ನು ದೇಹ ಇನ್ನಷ್ಟು ಗಟ್ಟಿ ಮಾಡಿಕೊಳ್ಳುತ್ತದೆ.

‘ಶಾಂತವಾಗು, ಶಾಂತವಾಗು’ ಎಂದು ನಿಮಗೆ ನೀವೇ ಹೇಳಿಕೊಳ್ಳುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುಂಚೆ ‘ನನಗೆ ಉತ್ಸಾಹವಾಗಿದೆ’ ಎಂದು ಬಾಯಿಬಿಟ್ಟು ಹೇಳಿಕೊಂಡವರು ‘ನಾನು ಶಾಂತವಾಗಿದ್ದೇನೆ’ ಎಂದವರಿಗಿಂತ ಚೆನ್ನಾಗಿ ಮಾತನಾಡಿದರು. ಓಡುತ್ತಿರುವ ಕುದುರೆಯನ್ನು ನಿಲ್ಲಿಸುವುದಕ್ಕಿಂತ ದಾರಿ ತಿರುಗಿಸುವುದು ಸುಲಭ.

ನನ್ನ ನಡುಕ ಎಲ್ಲರಿಗೂ ಕಾಣುತ್ತಿರುತ್ತದಲ್ಲವೇ?

ನೀವು ಅಂದುಕೊಂಡಷ್ಟು ಕಾಣುವುದಿಲ್ಲ. ಕೆನೆತ್ ಸವಿಟ್ಸ್‌ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಮನೋವಿಜ್ಞಾನಿಗಳು 2003ರಲ್ಲಿ ಇದನ್ನೇ ಪರೀಕ್ಷಿಸಿದರು. ಭಾಷಣ ಮಾಡಿದವರು ತಮ್ಮ ಅಳುಕು ಎಷ್ಟು ಹೊರಗೆ ಕಂಡಿತೆಂದು ಊಹಿಸಿದರೋ ಕೇಳುಗರಿಗೆ ಅಷ್ಟು ಕಂಡಿರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಈ ವಿಷಯವನ್ನು ಭಾಷಣಕ್ಕೆ ಮುಂಚೆಯೇ ತಿಳಿಸಿದ ಗುಂಪಿನವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಈಗ ನಿಮಗೂ ತಿಳಿಸಿದ್ದಾಯಿತು.

ಹಾಳೆ ಹಿಡಿದ ಕೈಯ ನಡುಕ ಮಾತ್ರ ನಿಜವಾಗಿಯೂ ಕಾಣುತ್ತದೆ, ಹಾಳೆ ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ದಪ್ಪ ಕಾಗದದ ಸಣ್ಣ ಚೀಟಿಯಲ್ಲಿ ಟಿಪ್ಪಣಿ ಬರೆದುಕೊಳ್ಳಿ.

ನನ್ನ ಹೆಸರು ಕರೆಯಲು ಹತ್ತು ನಿಮಿಷ ಇದೆ. ಆಗ ಏನು ಮಾಡಲಿ?

ಭಾಷಣವನ್ನು ಮತ್ತೆ ಓದಬೇಡಿ, ಆಗ ಕಲಿಯುವುದೇನೂ ಉಳಿದಿಲ್ಲ. ಎರಡು ಗುಟುಕು ನೀರು ಕುಡಿಯಿರಿ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಿ, ಒಂದರಿಂದ ನಾಲ್ಕರವರೆಗೆ ಎಣಿಸುತ್ತ ಒಳಕ್ಕೆ, ಏಳರವರೆಗೆ ಎಣಿಸುತ್ತ ಹೊರಕ್ಕೆ. ಮೊದಲ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಿ. ಪಕ್ಕದವರ ಜೊತೆ ಏನಾದರೂ ನಾಲ್ಕು ಮಾತನಾಡಿ, ಗಂಟಲು ಬಿಡುತ್ತದೆ.

ಭಯಕ್ಕೆ ಮಾತ್ರೆ ಇದೆಯಂತೆ. ತೆಗೆದುಕೊಳ್ಳಬಹುದೇ?

ನಡುಕ ಮತ್ತು ಎದೆಬಡಿತವನ್ನು ತಗ್ಗಿಸುವ ಪ್ರೊಪ್ರನೊಲಾಲ್ ಎಂಬ ಔಷಧವಿದೆ. ಕೆಲವು ಸಂಗೀತಗಾರರೂ ಭಾಷಣಕಾರರೂ ವೈದ್ಯರ ಸಲಹೆಯ ಮೇರೆಗೆ ಬಳಸುತ್ತಾರೆ. ಅಸ್ತಮಾ ಇರುವವರಿಗೆ ಅದು ಅಪಾಯಕಾರಿ. ಗೆಳೆಯರ ಕೈಯಿಂದ ಇಸಿದುಕೊಂಡು ನುಂಗುವ ವಸ್ತು ಖಂಡಿತ ಅಲ್ಲ. ಜನರ ಮುಂದೆ ನಿಲ್ಲುವ ಭಯದಿಂದ ನೀವು ಕೆಲಸ, ಪರೀಕ್ಷೆ, ಸಂಬಂಧಗಳನ್ನೇ ತಪ್ಪಿಸಿಕೊಳ್ಳುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ತೊದಲುವಿಕೆಯ ಪ್ರಶ್ನೆ ಬೇರೆ. ಅದಕ್ಕೆ ವಾಕ್ ಚಿಕಿತ್ಸಕರು ಇದ್ದಾರೆ. ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಇನ್ನೂ ರಾಜಕುಮಾರನಾಗಿದ್ದಾಗ, 1926ರಲ್ಲಿ, ಆಸ್ಟ್ರೇಲಿಯಾದ ಲಯೊನೆಲ್ ಲೋಗ್ ಬಳಿ ಅಭ್ಯಾಸ ಶುರು ಮಾಡಿದ. 1939ರಲ್ಲಿ ಯುದ್ಧ ಘೋಷಣೆಯಾದ ದಿನದ ಬಾನುಲಿ ಭಾಷಣದ ಹೊತ್ತಿನಲ್ಲೂ ಲೋಗ್ ಅವನ ಜೊತೆಗಿದ್ದ. ಲೆಕ್ಕ ಹಾಕಿ, ಹದಿಮೂರು ವರ್ಷ.

## ತಯಾರಿ ಮತ್ತು ಮಾತಿನ ಕಸುಬು

ಭಾಷಣವನ್ನು ಬಾಯಿಪಾಠ ಮಾಡಬೇಕೇ, ನೋಡಿಕೊಂಡು ಓದಬೇಕೇ?

ಎರಡೂ ಬೇಡ. ಚರ್ಚಿಲ್‌ಗೆ ಮೊದಲು ಇಡೀ ಭಾಷಣವನ್ನು ಉರು ಹೊಡೆದು ಒಪ್ಪಿಸುವ ಅಭ್ಯಾಸವಿತ್ತು. 1904ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಮಾತನಾಡುತ್ತಿರುವಾಗ ಎಳೆ ತಪ್ಪಿತು. ಎಷ್ಟು ತಡಕಾಡಿದರೂ ಮುಂದಿನ ಪದ ಸಿಗಲಿಲ್ಲ, ಕುಳಿತುಬಿಟ್ಟ. ಅಂದಿನಿಂದ ಟಿಪ್ಪಣಿಯಿಲ್ಲದೆ ಎದ್ದು ನಿಲ್ಲುವುದನ್ನೇ ಬಿಟ್ಟ. ಬಾಯಿಪಾಠದ ತೊಂದರೆ ಇದೇ. ಅದು ಸರಪಳಿ, ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಹೋಯಿತು. ಇತ್ತ ಹಾಳೆ ನೋಡಿ ಓದಿದರೆ ಸಭಿಕರಿಗೆ ಕಾಣುವುದು ನಿಮ್ಮ ನೆತ್ತಿ ಮಾತ್ರ.

ನಾನು ಹೇಳುವ ದಾರಿ ಇದು. ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯ ಅಕ್ಷರಶಃ ಬಾಯಿಗೆ ಬರಲಿ. ನಡುವಿನದನ್ನು ನಾಲ್ಕೈದು ಅಂಶಗಳಾಗಿ ಮಾತ್ರ ನೆನಪಿಡಿ, ಪ್ರತಿ ಸಲವೂ ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿ. ಐದು ಸಲ ಐದು ರೀತಿಯಲ್ಲಿ ಹೇಳಿದವನಿಗೆ ಆರನೆಯ ರೀತಿ ವೇದಿಕೆಯಲ್ಲೇ ಹುಟ್ಟುತ್ತದೆ.

ನೆನಪಿಡುವ ಬಗೆಯಲ್ಲೂ ಒಂದು ಗುಟ್ಟಿದೆ. ಟಿಪ್ಪಣಿಯನ್ನು ಮತ್ತೆ ಮತ್ತೆ ಓದುವುದಕ್ಕಿಂತ ಮುಚ್ಚಿಟ್ಟು ನೆನಪಿನಿಂದ ಹೇಳುವುದು ಹೆಚ್ಚು ದಿನ ಉಳಿಯುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿವೆ. ಪ್ರಾಚೀನ ರೋಮಿನ ಭಾಷಣಕಾರರು ಇನ್ನೊಂದು ಉಪಾಯ ಬಳಸುತ್ತಿದ್ದರು. ಪರಿಚಿತ ಮನೆಯೊಂದನ್ನು ಮನಸ್ಸಿನಲ್ಲಿ ಸುತ್ತುತ್ತ, ಬಾಗಿಲಲ್ಲಿ ಮೊದಲ ಅಂಶ, ಅಂಗಳದಲ್ಲಿ ಎರಡನೆಯದು, ಕಂಬದ ಬಳಿ ಮೂರನೆಯದು ಎಂದು ಇಟ್ಟು ಬರುವುದು. ಮಾತನಾಡುವಾಗ ಅದೇ ಮನೆಯಲ್ಲಿ ನಡೆದು ಒಂದೊಂದನ್ನೇ ಎತ್ತಿಕೊಳ್ಳುವುದು. ನಿಮ್ಮ ಮನೆಯನ್ನೇ ಬಳಸಿ ನೋಡಿ, ಅಡುಗೆಮನೆಯ ಅಂಶ ಎಂದೂ ಮರೆಯುವುದಿಲ್ಲ.

ಐದು ನಿಮಿಷದ ಭಾಷಣಕ್ಕೆ ಎಷ್ಟು ಬರೆದುಕೊಳ್ಳಬೇಕು?

ಇಂಗ್ಲಿಷಿನಲ್ಲಿ ನಿಮಿಷಕ್ಕೆ 130ರಿಂದ 150 ಪದ ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಅದನ್ನು ಕನ್ನಡಕ್ಕೆ ಹಾಗೆಯೇ ತಂದರೆ ಕೆಡುತ್ತೀರಿ. ನಮ್ಮಲ್ಲಿ ವಿಭಕ್ತಿ, ಕಾಲ, ಅವ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ‘ಹೋಗಬೇಕಾಗಿದ್ದವರಿಗೂ’ ಎಂಬುದು ಒಂದೇ ಪದ. ನಿಮ್ಮ ಬರಹದ ಒಂದು ಪುಟವನ್ನು ಸಭೆಗೆ ಓದುವ ವೇಗದಲ್ಲಿ ಓದಿ, ಗಡಿಯಾರ ನೋಡಿ, ನಿಮ್ಮದೇ ಲೆಕ್ಕ ಮಾಡಿಕೊಳ್ಳಿ. ಐದು ನಿಮಿಷ ಕೊಟ್ಟಿದ್ದರೆ ನಾಲ್ಕು ನಿಮಿಷಕ್ಕೆ ಬರೆಯಿರಿ. ನಿಲುಗಡೆ, ನಗು, ಮೈಕ್ ಸರಿಪಡಿಸುವುದು ಉಳಿದದ್ದನ್ನು ತಿನ್ನುತ್ತವೆ.

ಕಡಿಮೆಯಾಯಿತೆಂದು ಯಾರೂ ದೂರುವುದಿಲ್ಲ. 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಹೆಸರಾಂತ ವಾಗ್ಮಿ ಎಡ್ವರ್ಡ್ ಎವೆರೆಟ್ ಸುಮಾರು ಎರಡು ಗಂಟೆ ಮಾತನಾಡಿದ. ಅವನ ನಂತರ ಲಿಂಕನ್ ಮಾತನಾಡಿದ್ದು 270ರಷ್ಟು ಪದ. ತಾನು ಎರಡು ಗಂಟೆಯಲ್ಲಿ ತಲುಪದ ತಿರುಳನ್ನು ಲಿಂಕನ್ ಎರಡು ನಿಮಿಷದಲ್ಲಿ ತಲುಪಿದನೆಂಬ ಅರ್ಥದಲ್ಲಿ ಎವೆರೆಟ್ ಮರುದಿನ ಪತ್ರ ಬರೆದ. ಲಿಂಕನ್ ತನ್ನ ಭಾಷಣವನ್ನು ರೈಲಿನಲ್ಲಿ ಲಕೋಟೆಯ ಹಿಂದೆ ಗೀಚಿದನೆಂಬುದು ಕಟ್ಟುಕಥೆ, ಅವನು ತಯಾರಾಗಿಯೇ ಹೋಗಿದ್ದ.

ಮಾತುಮಾತಿಗೆ ‘ಅಂದರೆ’, ‘ಏನಂದರೆ’, ‘ಆಮೇಲೆ’ ಬರುತ್ತದೆ. ಹೇಗೆ ಬಿಡಿಸಿಕೊಳ್ಳಲಿ?

ಮೊದಲು ಎಣಿಸಿ. ರೆಕಾರ್ಡಿಂಗ್ ಕೇಳುತ್ತ ಪ್ರತಿ ‘ಅಂದರೆ’ಗೂ ಒಂದು ಗೀಟು ಹಾಕಿ. ನಾನು ಮೊದಲ ಸಲ ಎಣಿಸಿದಾಗ ಮೂರು ನಿಮಿಷದಲ್ಲಿ ಇಪ್ಪತ್ತಮೂರು ‘ಏನಂದರೆ’ ಸಿಕ್ಕವು. ಆ ದಿನ ಊಟ ಸೇರಲಿಲ್ಲ.

ಆ ಪದ ಏಕೆ ಬರುತ್ತದೆ? ಮುಂದಿನ ವಾಕ್ಯ ಇನ್ನೂ ಸಿದ್ಧವಾಗಿಲ್ಲ, ಆದರೆ ಮೌನಕ್ಕೆ ಹೆದರಿದ ನಾಲಿಗೆ ಸುಮ್ಮನಿರಲಾರದು. ಹಾಗಾಗಿ ಪದವನ್ನು ತಡೆಯಲು ಹೋಗಬೇಡಿ, ಅದರ ಜಾಗದಲ್ಲಿ ಮೌನವನ್ನು ಕೂರಿಸಿ. ವಾಕ್ಯ ಮುಗಿದೊಡನೆ ತುಟಿ ಮುಚ್ಚಿ, ಮೂಗಿನಿಂದ ಉಸಿರು ತೆಗೆದುಕೊಂಡು, ಆಮೇಲೆ ಮುಂದಿನದನ್ನು ಹೇಳುವುದು. ತುಟಿ ಮುಚ್ಚಿದ್ದರೆ ‘ಅಂದರೆ’ ಹೊರಬರಲು ದಾರಿಯೇ ಇಲ್ಲ. ನಿಮಗೆ ಯುಗದಷ್ಟು ಉದ್ದ ಅನ್ನಿಸುವ ಆ ನಿಲುಗಡೆ ಕೇಳುವವರಿಗೆ ಒಂದು ಕ್ಷಣ ಮಾತ್ರ. ಪೂರ್ತಿ ಸೊನ್ನೆಗೆ ಇಳಿಸುವ ಹಟವೂ ಬೇಡ, ಒಂದೆರಡು ಇದ್ದರೆ ಮಾತು ಮನುಷ್ಯರದೆಂದು ಗೊತ್ತಾಗುತ್ತದೆ.

ಹಕಾರ, ಮಹಾಪ್ರಾಣ ತಪ್ಪುತ್ತವೆ ಎಂದು ನಗುತ್ತಾರೆ. ಈ ವಯಸ್ಸಿನಲ್ಲಿ ತಿದ್ದಬಹುದೇ?

ತಿದ್ದಬಹುದು, ನಾಲಿಗೆಗೆ ವಯಸ್ಸಿಲ್ಲ. ಅಕ್ಕಿ-ಹಕ್ಕಿ, ಆಡು-ಹಾಡು, ಹಾಲು-ಹಾಳು, ಮನೆ-ಮಣೆ ಎಂಬಂಥ ಜೋಡಿಗಳನ್ನು ದಿನಕ್ಕೆ ಎರಡು ನಿಮಿಷ ನಿಧಾನವಾಗಿ ಹೇಳಿ. ಒಂದು ವಾರ ಒಂದೇ ಅಕ್ಷರದ ಬೆನ್ನು ಹತ್ತಿ. ‘ಕಪ್ಪು ಕುಂಕುಮ ಕೆಂಪು ಕುಂಕುಮ’, ‘ಕಾಗೆ ಪುಕ್ಕ ಗುಬ್ಬಿ ಪುಕ್ಕ’ ಇವು ಮಕ್ಕಳಾಟವಷ್ಟೇ ಅಲ್ಲ, ತುಟಿ ಮತ್ತು ನಾಲಿಗೆಗೆ ಒಳ್ಳೆಯ ಕಸರತ್ತು. ವೇಗಕ್ಕಿಂತ ಸ್ಪಷ್ಟತೆ ನೋಡಿ.

ಪ್ರಾಚೀನ ಗ್ರೀಸಿನ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಕಲ್ಲುಹರಳು ಇಟ್ಟುಕೊಂಡು ಮಾತು ತಿದ್ದಿಕೊಂಡನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಕಥೆ ಚೆನ್ನಾಗಿದೆ, ಪ್ರಯೋಗ ಬೇಡ, ಕಲ್ಲು ಗಂಟಲಿಗೆ ಇಳಿದೀತು. ಇನ್ನೊಂದು ಮಾತು: ಊರಿನ ನುಡಿಯ ಸೊಗಡು ತಪ್ಪಲ್ಲ. ಅರ್ಥ ಕೆಡುವಲ್ಲಿ ಮಾತ್ರ ತಿದ್ದಿಕೊಳ್ಳಿ. ಆ ಸೊಗಡನ್ನು ಪೂರ್ತಿ ಒರೆಸಿಹಾಕಲು ಹೊರಟವರ ಮಾತು ವಾರ್ತೆ ಓದಿದ ಹಾಗಾಗುತ್ತದೆ.

ಕೈಗಳನ್ನು ಎಲ್ಲಿಡಲಿ?

ಪಕ್ಕಕ್ಕೆ ಸುಮ್ಮನೆ ಇಳಿಬಿಡಿ. ಮಾತಿಗೆ ಬೇಕಾದಾಗ ಅವೇ ಏಳುತ್ತವೆ.

ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಬರೀ 7 ಶೇಕಡಾ, ಉಳಿದದ್ದೆಲ್ಲ ದನಿ ಮತ್ತು ದೇಹಭಾಷೆ ಎನ್ನುತ್ತಾರೆ. ನಿಜವೇ?

ತರಬೇತಿ ಶಿಬಿರಗಳಲ್ಲಿ ಇದನ್ನು ಕೇಳಿದಾಗಲೆಲ್ಲ ನನಗೆ ಕಿರಿಕಿರಿ. ಪದಕ್ಕೆ 7, ದನಿಗೆ 38, ಮುಖಭಾವಕ್ಕೆ 55 ಎಂಬ ಅಂಕಿಗಳು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದವು. ಅಲ್ಲಿ ಕೇಳಿಸಿದ್ದು ಭಾಷಣಗಳನ್ನಲ್ಲ, ಬಿಡಿ ಪದಗಳನ್ನು. ಅಳೆದದ್ದು ಹೇಳುವವರಿಗೆ ಇಷ್ಟವೋ ಅನಿಷ್ಟವೋ ಎಂಬ ಭಾವವನ್ನು ಮಾತ್ರ, ಅದೂ ಪದ ಒಂದು ಹೇಳಿ ದನಿ ಅಥವಾ ಮುಖ ಇನ್ನೊಂದು ಹೇಳುವಾಗ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲವೆಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ನಂಬಿಕೆ ಬರದಿದ್ದರೆ ನಿಮಗೆ ಗೊತ್ತಿಲ್ಲದ ಭಾಷೆಯ ಭಾಷಣವೊಂದನ್ನು ನೋಡಿ, 93 ಶೇಕಡಾ ಅರ್ಥವಾಗುತ್ತದೆಯೇ ಪರೀಕ್ಷಿಸಿ.

ಅರ್ಧದಲ್ಲಿ ಮರೆತುಹೋದರೆ?

ಮರೆತುಹೋಗುತ್ತದೆ, ಎಲ್ಲರಿಗೂ. ಆಗ ಈಗಷ್ಟೇ ಹೇಳಿದ ವಾಕ್ಯವನ್ನೇ ಬೇರೆ ಪದಗಳಲ್ಲಿ ಮತ್ತೆ ಹೇಳಿ. ಹೆಚ್ಚಿನ ಸಲ ಮುಂದಿನದು ಅದರ ಬಾಲ ಹಿಡಿದೇ ಬರುತ್ತದೆ. ಬಾರದಿದ್ದರೆ ಚೀಟಿ ನೋಡಿ, ಅದರಲ್ಲಿ ನಾಚಿಕೆಯೇನಿಲ್ಲ. ಅದೂ ಆಗದಿದ್ದರೆ ಆ ಅಂಶವನ್ನು ಹಾರಿ ಮುಂದಕ್ಕೆ ಹೋಗಿ. ನೀವು ಬಿಟ್ಟದ್ದು ಏನೆಂದು ನಿಮ್ಮನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಕ್ಷಮೆ ಕೇಳಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಇದಕ್ಕೂ ಅಭ್ಯಾಸವಿದೆ. ಮನೆಯಲ್ಲಿ ಮಾತನಾಡುವಾಗ ಯಾರಾದರೂ ನಡುವೆ ಚಪ್ಪಾಳೆ ತಟ್ಟಿ ತಡೆಯಲಿ. ಎಳೆಯನ್ನು ಮತ್ತೆ ಹಿಡಿಯುವುದನ್ನು ಹತ್ತು ಸಲ ಮಾಡಿದರೆ ಹನ್ನೊಂದನೆಯದಕ್ಕೆ ಅಷ್ಟು ಗಾಬರಿಯಾಗುವುದಿಲ್ಲ.

## ಸ್ವಲ್ಪ ದೂರ ಬಂದವರಿಗೆ

ಮನೆಯಲ್ಲಿ ಅಷ್ಟು ಚೆನ್ನಾಗಿ ಬರುತ್ತದೆ, ವೇದಿಕೆಯಲ್ಲಿ ಕೆಡುತ್ತದೆ. ಏಕೆ?

ಮನೆಯಲ್ಲಿ ಕಲಿತದ್ದು ಮನೆಗೂ ಅಂಟಿಕೊಂಡಿರುತ್ತದೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಸಂಶೋಧಕರು ಮುಳುಗುಗಾರರಿಗೆ ನೀರಿನಡಿಯಲ್ಲೂ ದಡದಲ್ಲೂ ಪದಗಳ ಪಟ್ಟಿ ಕಲಿಸಿದರು. ನೀರಿನಡಿ ಕಲಿತದ್ದು ನೀರಿನಡಿಯಲ್ಲೇ, ದಡದಲ್ಲಿ ಕಲಿತದ್ದು ದಡದಲ್ಲೇ ಹೆಚ್ಚು ನೆನಪಿಗೆ ಬಂತು. ಸೋಫಾದಲ್ಲಿ ಒರಗಿಕೊಂಡು, ಹಳೆಯ ಬನಿಯನ್ನಿನಲ್ಲಿ ಅಭ್ಯಾಸ ಮಾಡಿದ ಭಾಷಣ ಸೋಫಾದ ಭಾಷಣವೇ.

ಹಾಗಾಗಿ ಕೊನೆಯ ಎರಡು ಮೂರು ಅಭ್ಯಾಸಗಳು ಆದಷ್ಟು ಸಭೆಯ ಹಾಗಿರಲಿ: ನಿಂತುಕೊಂಡು, ಅಂದು ಹಾಕುವ ಬಟ್ಟೆ ಮತ್ತು ಚಪ್ಪಲಿಯಲ್ಲಿ, ಕೈಯಲ್ಲಿ ಮೈಕಿನ ಬದಲು ಲಟ್ಟಣಿಗೆಯಾದರೂ ಹಿಡಿದು. ಅದಕ್ಕೂ ಮುಂಚಿನ ಅಭ್ಯಾಸಗಳನ್ನು ಬೇರೆ ಬೇರೆ ಜಾಗಗಳಲ್ಲಿ, ಟಿವಿಯ ಗಲಾಟೆಯಲ್ಲಿ, ನಡೆಯುತ್ತ ಮಾಡಿ. ಆಗ ಮಾತು ಯಾವ ಒಂದು ಜಾಗಕ್ಕೂ ಕಟ್ಟುಬೀಳುವುದಿಲ್ಲ. ಅನುಕೂಲವಾದರೆ ಅರ್ಧ ಗಂಟೆ ಮೊದಲೇ ಸಭಾಂಗಣಕ್ಕೆ ಹೋಗಿ ಖಾಲಿ ಕುರ್ಚಿಗಳಿಗೆ ಮೊದಲ ವಾಕ್ಯ ಹೇಳಿ ಬನ್ನಿ.

ಮನೆಯವರನ್ನು ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ ಅಷ್ಟೆ. ನಿಜವಾದ ಅಭಿಪ್ರಾಯ ಎಲ್ಲಿ ಸಿಗುತ್ತದೆ?

‘ಹೇಗಿತ್ತು’ ಎಂದು ಕೇಳಿದರೆ ಬರುವ ಉತ್ತರ ಅದೇ. ಪ್ರಶ್ನೆ ಬದಲಿಸಿ. ‘ನಾನು ಹೇಳಿದ್ದನ್ನು ಒಂದು ವಾಕ್ಯದಲ್ಲಿ ಹೇಳು’ ಎನ್ನಿ. ಅವರು ಹೇಳಿದ ವಾಕ್ಯ ನೀವು ಅಂದುಕೊಂಡದ್ದಲ್ಲದಿದ್ದರೆ ಭಾಷಣ ಇನ್ನೂ ಮುಟ್ಟಿಲ್ಲ. ‘ಎಲ್ಲಿ ಬೇಸರವಾಯಿತು’ ಎಂದು ಕೇಳಿ. ‘ಬೇಸರವಾಯಿತೇ’ ಎಂದು ಕೇಳಬೇಡಿ.

ಗುಂಪು ಇದ್ದರೆ ಇನ್ನೂ ಒಳ್ಳೆಯದು. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಕೂಟಗಳು ಇವತ್ತು ಬಹಳ ದೇಶಗಳಲ್ಲಿವೆ. ಅವುಗಳ ಬಲ ಇರುವುದು ಕೆಲಸ ಹಂಚುವುದರಲ್ಲಿ. ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ‘ಆಂ’, ‘ಊಂ’ಗಳನ್ನು ಎಣಿಸುತ್ತಾರೆ, ಒಬ್ಬರು ಭಾಷಣವನ್ನು ವಿಮರ್ಶಿಸುತ್ತಾರೆ. ಅಂಥ ಕೂಟ ಹತ್ತಿರದಲ್ಲಿ ಇಲ್ಲದಿದ್ದರೆ ಐದು ಜನ ಸೇರಿ ಇದೇ ಕ್ರಮದಲ್ಲಿ ವಾರಕ್ಕೊಮ್ಮೆ ಕೂರಬಹುದು. ಒಂದೇ ನಿಯಮ ಸಾಕು: ಹಿಡಿಸಿದ್ದು ಒಂದು, ತಿದ್ದಬೇಕಾದದ್ದು ಒಂದು. ಹನ್ನೆರಡು ತಪ್ಪು ಪಟ್ಟಿ ಮಾಡಿ ಕೊಟ್ಟರೆ ಆ ವ್ಯಕ್ತಿ ಮುಂದಿನ ವಾರ ಬರುವುದಿಲ್ಲ, ನಾನು ಹಾಗೆ ಇಬ್ಬರನ್ನು ಕಳೆದುಕೊಂಡಿದ್ದೇನೆ.

ದಿಢೀರನೆ ‘ಎರಡು ಮಾತು ಹೇಳಿ’ ಎಂದರೆ ಏನೂ ಹೊಳೆಯುವುದಿಲ್ಲ. ಆಶುಭಾಷಣಕ್ಕೆ ತಯಾರಿ ಹೇಗೆ?

ಆಶುಭಾಷಣವೆಂದರೆ ಆ ಕ್ಷಣದಲ್ಲಿ ಶೂನ್ಯದಿಂದ ಹುಟ್ಟಿದ ಮಾತು ಎಂಬುದೇ ತಪ್ಪು ತಿಳಿವಳಿಕೆ. ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾತನಾಡುತ್ತ ಬರೆದುಕೊಂಡು ಬಂದದ್ದನ್ನು ಬದಿಗಿಟ್ಟು ‘ನನಗೊಂದು ಕನಸಿದೆ’ ಎಂಬ ಭಾಗಕ್ಕೆ ಹೊರಳಿದರು. ಆ ದಿನದ ಹಾಳೆಯಲ್ಲಿ ಅದು ಇರಲಿಲ್ಲ. ಆದರೆ ಅದಕ್ಕೆ ಎರಡು ತಿಂಗಳ ಮುಂಚೆ ಡೆಟ್ರಾಯಿಟ್‌ನಲ್ಲಿ ಅವರು ಅದೇ ಕನಸಿನ ಮಾತನ್ನು ಆಡಿದ್ದರು. ಆ ಕ್ಷಣಕ್ಕೆ ಒದಗಿದ್ದು ಮೊದಲೇ ಬಾಯಲ್ಲಿ ಪಳಗಿದ ಮಾತು.

ನೀವೂ ಹಾಗೊಂದು ಗಂಟು ಕಟ್ಟಿಕೊಳ್ಳಿ. ನಿಮ್ಮ ಬದುಕಿನ ಏಳೆಂಟು ಸಣ್ಣ ಪ್ರಸಂಗಗಳನ್ನು ಒಂದೊಂದು ನಿಮಿಷಕ್ಕೆ ಹೇಳಿ ಹೇಳಿ ನುಣುಪು ಮಾಡಿಟ್ಟುಕೊಂಡರೆ, ಯಾವ ವಿಷಯ ಕೊಟ್ಟರೂ ಒಂದಲ್ಲ ಒಂದು ಹೊಂದುತ್ತದೆ. ಕರೆದಾಗ ಏಳುವ ಮುಂಚೆ ಕೊನೆಯ ವಾಕ್ಯವನ್ನು ನಿರ್ಧರಿಸಿ. ಎಲ್ಲಿ ಇಳಿಯಬೇಕೆಂದು ಗೊತ್ತಿದ್ದವರು ಯಾವ ಬಸ್ ಹತ್ತಿದರೂ ಕಳೆದುಹೋಗುವುದಿಲ್ಲ.

ಒಂದು ವರ್ಷದಿಂದ ಬಿಡದೆ ಮಾಡುತ್ತಿದ್ದೇನೆ. ಆದರೆ ಇದ್ದಲ್ಲೇ ಇದ್ದೇನೆ.

ಬಹುಶಃ ನೀವು ಬರುವುದನ್ನೇ ಮಾಡುತ್ತಿದ್ದೀರಿ. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಬರೆದ ಪ್ರಬಂಧದಿಂದ ಜನ ಎತ್ತಿಕೊಂಡದ್ದು ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಪರಿಣತಿ ಬರುತ್ತದೆಂಬ ಲೆಕ್ಕವನ್ನು. ಅವರು ಒತ್ತಿ ಹೇಳಿದ್ದು ಗಂಟೆಗಳನ್ನಷ್ಟೇ ಅಲ್ಲ, ಅಭ್ಯಾಸದ ಬಗೆಯನ್ನು. ಬಾರದ ಒಂದು ತುಣುಕನ್ನು ಬೇರ್ಪಡಿಸಿ, ಅದರ ಮೇಲೆ ಮಾತ್ರ ದುಡಿದು, ತಕ್ಷಣ ತಪ್ಪು ತಿಳಿದುಕೊಂಡು ಮತ್ತೆ ಮಾಡುವುದು. ಅದು ಸುಖವಾದ ಕೆಲಸವಲ್ಲ.

ಒಂದು ವರ್ಷದ ಹಿಂದಿನ ರೆಕಾರ್ಡಿಂಗನ್ನೂ ಇಂದಿನದನ್ನೂ ಒಟ್ಟಿಗೆ ಕೇಳಿ. ವ್ಯತ್ಯಾಸ ಇದ್ದೇ ಇರುತ್ತದೆ, ನೀವು ಗಮನಿಸಿರುವುದಿಲ್ಲ. ಎರಡರಲ್ಲೂ ಹಾಗೆಯೇ ಉಳಿದ ದೋಷ ಯಾವುದೋ ಮುಂದಿನ ತಿಂಗಳ ಪಾಠ ಅದೇ. ಒಂದೇ ದನಿಯ ಮಟ್ಟ ಎಂದಾದರೆ ತಿಂಗಳಿಡೀ ಕಥೆಗಳನ್ನು ಮಕ್ಕಳಿಗೆ ಓದಿ ಹೇಳಿ, ಪಾತ್ರಕ್ಕೊಂದು ದನಿ ಕೊಟ್ಟು. ಓಟದ ವೇಗ ಎಂದಾದರೆ ಪ್ರತಿ ವಾಕ್ಯದ ಕೊನೆಗೆ ಒಂದು ಹೆಜ್ಜೆ ನಡೆಯಿರಿ. ಉಳಿದ ದೋಷಗಳು ಆ ತಿಂಗಳು ಹಾಯಾಗಿರಲಿ.

ಆನ್‌ಲೈನ್ ಸಭೆಯಲ್ಲಿ ಯಾರ ಮುಖವೂ ಕಾಣುವುದಿಲ್ಲ. ಗೋಡೆಗೆ ಮಾತನಾಡಿದಂತಾಗುತ್ತದೆ.

ಕ್ಯಾಮೆರಾದ ಪಕ್ಕದಲ್ಲೇ ನಿಮಗೆ ಇಷ್ಟವಾದವರ ಒಂದು ಫೋಟೊ ಅಂಟಿಸಿ, ಅವರಿಗೇ ಹೇಳಿ. ನಿಮ್ಮ ಮುಖ ತೋರುವ ಚೌಕವನ್ನು ಮರೆಮಾಡಿ. ಎದ್ದು ನಿಂತು ಮಾತನಾಡಿದರೆ ದನಿಯಲ್ಲಿ ಗೊತ್ತಾಗುತ್ತದೆ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಕೇಳುವವರಿಗೆ ಏನಾದರೂ ಕೆಲಸ ಕೊಡಿ. ಒಂದು ಪದ ಬರೆಯಿರಿ ಎಂದರೂ ಸಾಕು. ಸ್ಲೈಡಿನಲ್ಲಿ ಇರುವುದನ್ನೇ ಓದುವುದಾದರೆ ಸ್ಲೈಡನ್ನು ಕಳುಹಿಸಿ ಸಭೆ ರದ್ದು ಮಾಡುವುದು ಮೇಲು.

ಭಾಷಣ ಮುಗಿಸುತ್ತೇನೆ, ಪ್ರಶ್ನೆ ಬಂದಾಗ ತಡವರಿಸುತ್ತೇನೆ.

ಪ್ರಶ್ನೆಗಳಿಗೂ ಅಭ್ಯಾಸ ಬೇಕೆಂದು ಯಾರಿಗೂ ತೋಚುವುದಿಲ್ಲ. ನಿಮಗೆ ಬರಬಾರದು ಅನ್ನಿಸುವ ಐದು ಪ್ರಶ್ನೆ ಬರೆದು ಗೆಳೆಯರ ಕೈಗೆ ಕೊಡಿ, ಅವರು ಸ್ವಲ್ಪ ಕೊಂಕಾಗಿಯೇ ಕೇಳಲಿ. ಉತ್ತರಿಸುವ ಮುಂಚೆ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ. ಹಿಂದಿನ ಸಾಲಿನವರಿಗೂ ಕೇಳಿಸುತ್ತದೆ, ನಿಮಗೂ ಯೋಚಿಸಲು ಎರಡು ಕ್ಷಣ ಸಿಗುತ್ತದೆ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನೋಡಿ ತಿಳಿಸುತ್ತೇನೆ’ ಎನ್ನಿ, ಮತ್ತು ತಿಳಿಸಿ. ಪ್ರಶ್ನೆಯ ವೇಷದಲ್ಲಿ ಭಾಷಣ ಮಾಡುವವರು ಎಲ್ಲ ಸಭೆಯಲ್ಲೂ ಒಬ್ಬರಿರುತ್ತಾರೆ. ಅವರು ಉಸಿರು ತೆಗೆದುಕೊಂಡ ಕ್ಷಣ ವಂದನೆ ಹೇಳಿ ಮುಂದಿನ ಕೈಯನ್ನು ತೋರಿಸುವುದೊಂದೇ ದಾರಿ.

ನಡುವೆ ಎರಡು ತಿಂಗಳು ಬಿಟ್ಟುಬಿಟ್ಟೆ. ಮತ್ತೆ ಮೊದಲಿನಿಂದಲೇ?

ಮೊದಲಿನಿಂದ ಅಲ್ಲ. ಭಯ ಸ್ವಲ್ಪ ಮರಳಿ ಬಂದಿರುತ್ತದೆ, ನಾಲಿಗೆ ಸ್ವಲ್ಪ ದಪ್ಪಗಾಗಿರುತ್ತದೆ. ಆದರೆ ಒಮ್ಮೆ ಕಲಿತದ್ದನ್ನು ಎರಡನೆಯ ಸಲ ಕಲಿಯಲು ಕಡಿಮೆ ಹೊತ್ತು ಸಾಕು. ಎಬಿಂಗ್‌ಹೌಸ್ ಅಳೆದದ್ದೂ ಇದನ್ನೇ. ಬಿಟ್ಟ ದಿನಗಳ ಬಾಕಿ ತೀರಿಸಲು ಇವತ್ತು ಒಂದು ಗಂಟೆ ಮಾಡಬೇಡಿ, ನಾಳೆ ಮತ್ತೆ ಬಿಡುತ್ತೀರಿ. ಡಬ್ಬಿಯಿಂದ ಒಂದು ಚೀಟಿ ತೆಗೆದು, ಎದ್ದು ನಿಂತು, ಎರಡು ನಿಮಿಷ ಮಾತನಾಡಿ.